ಬಿದ್ದದ್ದಕ್ಕಲ್ಲ, ಎದ್ದದ್ದಕ್ಕೆ

ಗಾಲಿ ಇದ್ದಲ್ಲಿ ಬೀಳುವವರು ಇರುತ್ತಾರೆ, ಬೀಳುವವರು ಇದ್ದಲ್ಲಿ ನಗುವವರೂ ಇರುತ್ತಾರೆ. ಬೆಳಗಾವಿಯಲ್ಲಿ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಕಲಿಸುವ ನನಗೆ ಹಾಗಾಗಿ ರವಿವಾರ ಬೆಳಗಾದರೆ ಏನಾದರೊಂದು ಪ್ರಸಂಗ ಗ್ಯಾರಂಟಿ. ಹೆಚ್ಚಿನವುಗಳಲ್ಲಿ ಪೆದ್ದನಾಗುವವನು ನಾನೇ. ಕೆಳಗಿನವಿಷ್ಟೂ ಖಾನಾಪುರದ ಒಬ್ಬಳೇ ಹುಡುಗಿಗೆ ಸಂಬಂಧಿಸಿದವು.

ಹಲಗಿ

ಆಟ ಸುತ್ತಲಿನ ಊರುಗಳಿಗೂ ಮುಟ್ಟಲಿ ಎಂಬ ಹುರುಪಿನಲ್ಲಿ ಖಾನಾಪುರದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಇಂಗ್ಲಿಷ್ ಹೆಸರು ಅವರಿಗೆ ತಿಳಿಯಲಿಕ್ಕಿಲ್ಲ ಎಂದು ಜಾಣತನ ತೋರಿಸಿ, "ರವಿವಾರ ನಮ್ಮ ಹುಡುಗ್ರು ಹಲಗಿ ತಗೊಂಡು ಬರ್ತಾರ್ರಿ, ನಿಮ್ಮೂರ ಮಂದೀನ ಕೂಡಸ್ರಿ" ಎಂದೆ. ನನ್ನ ತಲೆಯಲ್ಲಿದ್ದದ್ದು ಗಾಲಿ ಹಚ್ಚಿದ ಮರದ ಹಲಗೆ. ಅವರ ತಲೆಗೆ ಹೋದದ್ದು ಹೋಳಿಹುಣ್ಣಿಮೆಗೆ ಬಾರಿಸುವ ಚರ್ಮದ ಹಲಗಿ. ನಾವು ಹೋಗಿ ಇಳಿದರೆ ಹನ್ನೊಂದು ಜನ ಹಲಗಿ ಕಾಸಿಕೊಂಡು, ಕಡ್ಡಿ ಹಿಡಿದು, ಸಾಲಾಗಿ ನಿಂತಿದ್ದಾರೆ!

"ನಿಮ್ಮ ಹಲಗಿ ಎಲ್ಲೈತ್ರಿ?" ಎಂದರು ಹಿರಿಯರು. ನಾನು ನಾಚಿಕೊಂಡೇ ಬೋರ್ಡು ತೋರಿಸಿದೆ. ಅವರು ಅದನ್ನು ತಿರುಗಿಸಿ, ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿದರು. "ದನಿ ಬರೋಬ್ಬರಿ ಇಲ್ರಿ. ಬಿಸಲಿಗೆ ಇಟ್ಟಿಲ್ಲೇನ?"

ಎಲ್ಲರೂ ನಗುತ್ತಿರುವಾಗ ಎರಡು ಜಡೆಯ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಆ ಬೋರ್ಡು ಹತ್ತಿ ನಾಲ್ಕು ಮಾರು ಹೋಗಿ ದೊಪ್ಪನೆ ಬಿದ್ದಳು. ನಾನು ಓಡಿದೆ. ಅವಳು ಮೈ ಕೊಡವಿಕೊಂಡು ಕೇಳಿದಳು, "ಸರ್, ಇನ್ನೊಮ್ಮಿ ಬೀಳ್ಲೇನ್ರಿ?"

ಬಾಗ

ಮುಂದಿನ ರವಿವಾರದಿಂದ ಅವಳು ಬಸ್ ಹಿಡಿದು ಬೆಳಗಾವಿಗೆ ಬರತೊಡಗಿದಳು. ಇಳಿಜಾರಿನಲ್ಲಿ ಮೊಣಕಾಲು ಬಗ್ಗಿಸದಿದ್ದರೆ ಬೀಳುವುದೇ. ನಾನು "ಬಾಗ! ಬಾಗ!" ಎಂದು ಕೂಗುವುದು, ಅವಳು ಕತ್ತು ಹೊರಳಿಸಿ ನನ್ನತ್ತ ನೋಡುವುದು, ಬೀಳುವುದು. ಮೂರು ವಾರ ಇದೇ ನಡೆಯಿತು. ಇಂಥ ಮೊಂಡಿಯನ್ನು ನಾನು ಕಂಡೇ ಇರಲಿಲ್ಲ ಎಂದುಕೊಂಡೆ.

ಕೊನೆಗೆ, ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ, ಬೆಳಗಾವಿಯದೇ ಶಹಾಪುರ ಭಾಗದ ಹುಡುಗ ನನ್ನನ್ನು ಬದಿಗೆ ಕರೆದ. "ಸರ್, ಅಕಿ ಮನ್ಯಾಗ ಅವ್ವಂದು ಮರಾಠಿ, ಅಪ್ಪಂದು ಕನ್ನಡರಿ. ನೀವು ಬಾಗ ಅಂದ್ರ ಅಕಿಗೆ 'ಬಘ' ಅಂತ ಕೇಳ್ತೈತಿ. ಬಘ ಅಂದ್ರ ಮರಾಠ್ಯಾಗ ನೋಡು ಅಂತರಿ."

ನಾನು ಹುಡುಗಿಯನ್ನು ಕರೆದು, "ಖರೇ ಏನ? ಅದಕ್ಕ ನನ್ನ ನೋಡ್ತಿದ್ದೇನ?" ಎಂದೆ.

"ಹೌದ್ರಿ ಸರ್. ಪ್ರತಿ ಸಲಾನೂ ನೋಡಿದ್ನಿರಿ. ಸುಮ್ನ ನಿಂದ್ರೂದು ಬಿಟ್ಟು ನೀವು ಏನೂ ಮಾಡ್ತಿರಲಿಲ್ಲ."

ಹಂಚು

ಅವಳ ಅಪ್ಪನದು ಖಾನಾಪುರದಲ್ಲಿ ಹಂಚು ಸುಡುವ ಭಟ್ಟಿ. ಒಂದು ದಿನ ಮಗಳ ಆಟ ನೋಡಲು ಬಂದರು. ಅವಳು ಒಂದೇ ತಾಸಿನಲ್ಲಿ ಏಳು ಸಲ ಬಿದ್ದಳು.

"ಸರ್, ಹಂಚು ಇಷ್ಟು ಒಡದಿದ್ರ ನಾ ಭಟ್ಟೀನ ಬಂದ್ ಮಾಡ್ತಿದ್ನಿರಿ" ಎಂದರು. ನಾನು ಏನೋ ಸಮಾಧಾನ ಹೇಳಹೋದೆ, ಅವರು ಕೇಳಲಿಲ್ಲ. "ಮುಂದಿನ ತಿಂಗಳ ಸ್ಪರ್ಧಾದಾಗ ಮೂರು ಸರತಿ ಆಡಸ್ತಾರಂತಲ್ಲ. ಒಂದ್ ಸರತಿಯಾದ್ರೂ ಬೀಳದಂಗ ಮುಗಸ್ಲಿ. ಇಲ್ಲಂದ್ರ ಈ ಆಟ ಅಲ್ಲಿಗೇ ಬಂದ್."

ನಾನು ಸೋತು ಹಿಂದೆ ಸರಿದೆ. ಹುಡುಗಿ ಮಾತ್ರ ಚೌಕಾಶಿಗೆ ಇಳಿದಳು.

"ಅಪ್ಪಾ, ಕೈ ಊರಿದ್ರ ಬಿದ್ದಂಗ ಏನ?"

"ಹೂಂ."

"ಕುಂತ್ರ?"

"ಕುಂತ್ರೂ ಬಿದ್ದಂಗ."

"ನೀ ಕಣ್ಣು ಮುಚ್ಚಿದಾಗ ಬಿದ್ರ?"

ಟಕಟಕ

ನಮ್ಮ ಸ್ಪರ್ಧೆಗಳಲ್ಲಿ ಚಪ್ಪಾಳೆ ಕಡಿಮೆ. ಯಾರಾದರೂ ಚೆನ್ನಾಗಿ ಹಾರಿದರೆ, ಅಥವಾ ಬಿದ್ದು ಎದ್ದು ನಿಂತರೆ, ಉಳಿದ ಮಕ್ಕಳು ತಮ್ಮ ಬೋರ್ಡಿನ ತುದಿಯನ್ನು ನೆಲಕ್ಕೆ ಟಕಟಕ ಬಡಿಯುತ್ತಾರೆ. ಎದುರಾಳಿಯಾದರೂ ಬಡಿಯಬೇಕು. ಇದನ್ನು ಹುಡುಗಿಯ ಅಪ್ಪನಿಗೆ ಹೇಳಲು ಮರೆತಿದ್ದೆ.

ಸ್ಪರ್ಧೆಯ ದಿನ ಮೊದಲ ಸರತಿಯಲ್ಲಿ ಹುಡುಗಿ ಬಿದ್ದಳು, ಎದ್ದಳು. ಟಕಟಕ ಶುರುವಾಯಿತು. ಅಪ್ಪನ ಮುಖ ಕೆಂಪಾಯಿತು. "ನನ್ನ ಮಗಳು ಬಿದ್ರ ಇವಕ್ಕ ಹಬ್ಬ ಏನ್ರಿ?" ಎರಡನೆಯ ಸರತಿಯಲ್ಲೂ ಅದೇ ಕಥೆ. ಅವರು ಎದ್ದು ಹೋಗಿ ಶಹಾಪುರದ ಹುಡುಗನನ್ನು ಹಿಡಿದು ನಿಲ್ಲಿಸಿದರು. "ಯಾಕೋ ಬಡೀತಿ?"

"ಬಿದ್ದದ್ದಕ್ಕಲ್ರಿ ಕಾಕಾ, ಎದ್ದದ್ದಕ್ಕ."

ಅವರು ಹುಡುಗನನ್ನು ಬಿಟ್ಟು ಬಂದು ಕುಳಿತರು.

ಅಷ್ಟರಲ್ಲಿ ಹುಡುಗಿಯ ಬೋರ್ಡಿನ ಗಾಲಿ ಕೈಕೊಟ್ಟಿತು. ತನ್ನದೂ ಒಂದು ಸರತಿ ಬಾಕಿ ಇದ್ದರೂ ಆ ಹುಡುಗ ತನ್ನ ಬೋರ್ಡನ್ನೇ ಕೊಟ್ಟ. ಮೂರನೆಯ ಸರತಿಯಲ್ಲಿ ಅವಳು ಇಳಿಜಾರು ದಾಟಿದಳು, ತಿರುವು ದಾಟಿದಳು. ಕಟ್ಟಕಡೆಯ ಜಿಗಿತದಲ್ಲಿ ದೊಪ್ಪನೆ ಕುಳಿತುಬಿಟ್ಟಳು. ಎದ್ದು ಉಳಿದ ನಾಲ್ಕು ಮಾರು ಮುಗಿಸುವಾಗ ಅವಳ ಕಣ್ಣಲ್ಲಿ ನೀರಿತ್ತು. ಸುಳ್ಳೇಕೆ, ನನ್ನ ಕಣ್ಣಲ್ಲೂ ಇತ್ತು.

"ಸಾಕಿನ್ನ, ನಡೀ ಮನಿಗೆ!" ಎನ್ನುತ್ತ ಅಪ್ಪ ಮೈದಾನಕ್ಕೆ ಕಟ್ಟಿದ್ದ ಹಗ್ಗ ದಾಟಿ ಒಳಗೆ ಇಳಿದರು. ಅವರು ಕಾಲಿಟ್ಟಲ್ಲಿ ಯಾರದೋ ಬೋರ್ಡಿತ್ತು. ಬೋರ್ಡು ಮುಂದೆ ಹೋಯಿತು, ಅಪ್ಪ ಅಲ್ಲೇ ಅಂಗಾತ ಬಿದ್ದರು.

ಮಗಳು ಓಡಿ ಬಂದಳು. "ಅಪ್ಪಾ, ಭಾಳ ಪೆಟ್ಟಾತೇನ?"

ಅಪ್ಪ ಆಕಾಶ ನೋಡುತ್ತ ಮಲಗಿದ್ದರು. "ದಿನಾ ಇಷ್ಟ ಜೋರ ಬೀಳ್ತೀ ಏನವಾ ನೀ?"

"ಹೂಂ."

"ಆದ್ರೂ ಏಳ್ತೀ?"

"ಮದ್ಲ ಒಂದು ಮಣಕಾಲ ಊರಬೇಕಪ್ಪಾ, ಆಮ್ಯಾಲ ಕೈ."

ಅವರು ಮಗಳತ್ತ ಮುಖ ಹೊರಳಿಸಿ, "ಬರೂ ರವಿವಾರ ಮುಂಜಾನಿ ಬಸ್ಸಿಗೆ ನಾನೂ ಬರ್ತೀನಿ. ಎಲ್ಲಿ ಬೀಳಾಕತ್ತೀ ನೋಡೂಣು" ಎಂದರು.

ಇದು ಕಿವಿಗೆ ಬಿದ್ದದ್ದೇ ತಡ, ಶಹಾಪುರದ ಹುಡುಗ ಬಾಜುದವನ ಬೋರ್ಡು ಕಸಿದು ನೆಲಕ್ಕೆ ಬಡಿದ. ಮತ್ತೆ ಎಲ್ಲರೂ ಸೇರಿದರು, ಮೈದಾನದ ತುಂಬ ಟಕಟಕ, ಟಕಟಕ.

ಅಪ್ಪ ಮಲಗಿದಲ್ಲಿಂದಲೇ ಕೈ ಎತ್ತಿ ಕೂಗಿದರು: "ತಡೀರ್ಲೇ! ನಾ ಇನ್ನಾ ಎದ್ದಿಲ್ಲ!"