ಮೋಟಾರಿಗೆ ಹಾಕಿದ ಕೊಸರು

ಎಣ್ಣೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಲೂರಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಗಾಣವಿದೆ. ಎಣ್ಣೆ ಮೂಸಿ ನೋಡಿ ಅದು ಯಾರ ಹೊಲದ ಕುಸುಬಿ ಎಂದು ಹೇಳುವವನು ನಾನು! ನಿಜಾಮನ ಸೀಮೆಗೆ ಮಿಲಿಟರಿ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಬೀದರಿನ ಜಹಗೀರದಾರರೊಬ್ಬರು ಹೈದರಾಬಾದಿಗೆ ಹೊರಟು ತಮ್ಮ ಹಳೆಯ ಮೋಟಾರು ಮಾರಿದಾಗ, ಅದನ್ನು ಕೊಳ್ಳಲು ನನಗಿಂತ ಯೋಗ್ಯ ಗಂಡಸು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಹಾಗೆಂದು ನಾನೇ ತೀರ್ಮಾನಿಸಿದೆ.

ಅವರ ಡ್ರೈವರ್ ಮಸ್ತಾನ್ ಚಾಚಾ ನನಗೆ ಓಡಿಸುವುದನ್ನು ಕಲಿಸಿ, ಕೊನೆಗೆ ಇಂಜಿನ್ನಿನೊಳಗಿಂದ ಉದ್ದನೆಯ ಕಡ್ಡಿಯೊಂದನ್ನು ಎಳೆದು ತೋರಿಸಿದರು.

"ಈ ಗೆರಿ ನೋಡ್ರಿ ಸೇಠ್. ಎಣ್ಣಿ ಇಲ್ಲೀತನಕ ಇರಬೇಕು. ಇದರ ಮ್ಯಾಲ ಹಾಕಬ್ಯಾಡ್ರಿ, ಹೊಗಿ ಕಾರ್ತದ."

"ಎಣ್ಣಿ ಬಗ್ಗೆ ನನಗ ಹೇಳ್ತೀರೇನ್ರಿ ಚಾಚಾ?" ಎಂದು ನಕ್ಕುಬಿಟ್ಟೆ.

ಅಷ್ಟರಲ್ಲಿ ತಂಗಿ ಶಾಂತವ್ವನ ಮದುವೆ ಗೊತ್ತಾಯಿತು. ಗಂಡು ಭಾಲ್ಕಿಯವನು. ಗೋಧೂಳಿ ಮುಹೂರ್ತ, ನಮ್ಮ ಅಂಗಳದಲ್ಲೇ ಮದುವೆ. ಮಾತುಕತೆಯ ದಿನ ಗಂಡಿನ ತಂದೆ ಮೀಸೆ ತಿರುವುತ್ತ, "ಗಾಣದ ಮನಿಯವ್ರು, ನಿಮಗ ಎತ್ತಿಗೇನ್ ಬರ? ಒಂದ್ ಬಂಡಿ ಕಳಸ್ರಿ, ಸಾಕು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಬಂಡಿ? ಮದಿಮಗ ನನ್ನ ಮೋಟಾರದಾಗೇ ಬರ್ತಾನ್ರಿ! ಇಲ್ಲಾಂದ್ರ ನಾ ರುಮಾಲ ಸುತ್ತೂದೇ ಬಿಡ್ತೇನಿ!"

ಬೀಗರು ಹೋದ ಮೇಲೆ ಶಾಂತವ್ವ ಮೆಲ್ಲಗೆ, "ಅಣ್ಣಾ, ಹೊತ್ತಿಗೆ ಸರಿ ಅವ್ರು ಬಂದ್ರ ಸಾಕಪಾ" ಎಂದಳು. ಮುಹೂರ್ತ ತಪ್ಪಿದರೆ ಬೀಗರು ಮದುವೆಯನ್ನೇ ಬಿಟ್ಟು ಎದ್ದು ಹೋಗುವಂಥವರೆಂದು ಅವಳಿಗೆ ಭಯವಿತ್ತು. ನನಗೆಲ್ಲಿಯ ಭಯ!

ಮದುವೆಯ ಹಿಂದಿನ ದಿನ, ಮದುಮಗನನ್ನು ಕರೆತರಲು ಭಾಲ್ಕಿಗೆ ಹೊರಡುವಾಗ, ಕಡ್ಡಿ ಎಳೆದು ನೋಡಿದೆ. ಎಣ್ಣೆ ಗೆರೆಗೆ ಸರಿಯಾಗಿತ್ತು. ಆದರೂ ಮನಸ್ಸಿಗೆ ಒಗ್ಗಲಿಲ್ಲ. ಗೆರೆಗೆ ಸರಿ ಅಂದರೆ ಅದು ಬರೀ ಅಳತೆ. ಕೊಸರೆಲ್ಲಿ? ನಮ್ಮ ಅಂಗಡಿಯಲ್ಲಿ ಅಳೆದು ಕೊಟ್ಟ ಮೇಲೆ ಇನ್ನೊಂದಿಷ್ಟು ಸುರಿಯದೆ ಯಾವ ಗಿರಾಕಿಯನ್ನೂ ನಾವು ಕಳಿಸಿದವರಲ್ಲ. ಜಗಳವಾಡಿದವರಿಗೂ ಕೊಸರು ಹಾಕಿದ ಮನೆತನ! ತಂಗಿಯ ಮದುವೆಗೆ ಹೊರಟ ಮೋಟಾರಿಗೆ ಜಿಪುಣತನವೇ? ಮೋಟಾರು ಎಣ್ಣೆಯ ಡಬ್ಬಿ ಎತ್ತಿದೆ.

"ಚಾಚಾ ಬ್ಯಾಡ ಅಂದಿದ್ರಲ್ರೀ" ಎಂದಳು ಹೆಂಡತಿ ಕಮಲವ್ವ.

"ಅವ್ರು ಓಡಸೋರು. ನಾವು ಎಣ್ಣಿಯವ್ರು!"

ಧಾರಾಳವಾಗಿ ಸುರಿದೆ. ಭಾಲ್ಕಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ನೀಲಿ ಹೊಗೆ ಏಳತೊಡಗಿತು. ಪಾಪ, ಮೋಟಾರು ಹಾಕಿದ ಎಣ್ಣೆಯನ್ನೆಲ್ಲ ಕುಡಿದು ಮುಗಿಸಿದೆ ಎಂದುಕೊಂಡೆ. ಕಡ್ಡಿ ನೋಡುವ ಗೋಜಿಗೆ ಹೋಗಲಿಲ್ಲ. ಇನ್ನೊಂದು ಕೊಸರು ಹಾಕಿದೆ!

ಮದುವೆಯ ದಿನ ಬೀಗರ ಬಂಡಿಗಳು ನಸುಕಿನಲ್ಲೇ ಹೊರಟಿದ್ದವು. ನಾನು ಮದುಮಗನನ್ನು ಹಿಂದೆ ಕೂರಿಸಿಕೊಂಡು ದಾರಿಯಲ್ಲಿ ಅವುಗಳನ್ನು ಹಾರ್ನು ಹೊಡೆಯುತ್ತ ದಾಟಿದೆ. ಬೀಗರ ಮೀಸೆಗೆ ಧೂಳು ಮೆತ್ತಿತು. ಆಹಾ, ಎಂಥ ಸುಖ! ಆ ಸುಖ ಹಲಬರ್ಗಾದವರೆಗೆ ಉಳಿಯಿತು.

ಹಲಬರ್ಗಾದಲ್ಲಿ ಮೋಟಾರು ಕೆಮ್ಮಿತು, ನಡುಗಿತು, ಊರ ತುಂಬ ಹೊಗೆ ಕಾರಿ ನಿಂತುಬಿಟ್ಟಿತು. "ಮತ್ತ ಮಿಲಿಟ್ರಿ ಬಂತ್ರೋ!" ಎಂದು ಯಾರೋ ಕೂಗಿದರು. ಬಾಗಿಲುಗಳೆಲ್ಲ ದಡದಡ ಮುಚ್ಚಿದವು.

"ಮದುವಿ ಮಂದಿ ಅದೀವಿ, ಬಾಗಲ ತಗೀರಿ!" ಎಂದು ಅರಚಿದೆ.

ಅಜ್ಜಿಯೊಬ್ಬಳು ಕಿಟಕಿಯಿಂದ ಇಣುಕಿ, "ಮದಿಮಗ ಎಲ್ಲಿ ಅದಾನ?" ಎಂದಳು.

ಹೊಗೆಯೊಳಗಿಂದ ಮದುಮಗ ಕೆಮ್ಮುತ್ತ ಕೈ ಎತ್ತಿದ. ಅವನ ಬಿಳಿ ರುಮಾಲು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಅಣ್ಣಾರ, ಹೊತ್ತ ಏರ್‍ಲಿಕತ್ತದ್ರಿ" ಎಂದ. ಹ್ಯಾಂಡಲ್ ತಿರುವಿ ತಿರುವಿ ನನ್ನ ತೋಳುಗಳು ಸೋತುಹೋದವು. ಶಾಂತವ್ವನ ಮುಖ ನೆನಪಾಗಿ ಮೊದಲ ಸಲ ನನಗೂ ಭಯವಾಯಿತು.

ಆಗ ಬೀಗರ ಬಂಡಿಗಳು ನಿಧಾನವಾಗಿ ಬಂದು ನಿಂತವು.

"ಏನ್ರಿ ಬೀಗ್ರ, ಮೋಟಾರ ದಣದದೇನು?" ಎಂದರು ಅವರು, ಮೀಸೆಯ ಧೂಳು ಒರೆಸಿಕೊಳ್ಳುತ್ತ.

ಮದುಮಗ ಬಂಡಿ ಏರಲು ಕಾಲು ಹೊರಗಿಟ್ಟ.

"ಕಾಲ ಒಳಗಿಡಪಾ!" ಎಂದು ಗದರಿದೆ. "ಮದಿಮಗ ಮೋಟಾರದಾಗೇ ಬರ್ತಾನಂತ ಹೇಳೇನಿ. ಮೋಟಾರ ಯಾರು ಎಳೀತಾರಂತ ನಾ ಹೇಳಿಲ್ಲ!"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ತಮ್ಮ ಒಳ್ಳೆಯ ಜೋಡಿಯನ್ನೇ ಬಿಚ್ಚಿ ಕೊಟ್ಟರು. ಎತ್ತುಗಳು ಎಳೆದವು, ನಾನು ಗಂಭೀರವಾಗಿ ಸ್ಟೀರಿಂಗ್ ಹಿಡಿದು ದಾರಿಯುದ್ದಕ್ಕೂ ಹಾರ್ನು ಹೊಡೆದೆ. ದನಗಳು ಮನೆಗೆ ಮರಳುವ ಹೊತ್ತಿಗೆ ಅವುಗಳ ಜೊತೆಗೇ ನಾವೂ ಮೈಲೂರು ಸೇರಿದೆವು. ಬಾಗಿಲಲ್ಲಿ ನಿಂತು ಅತ್ತತ್ತು ಕಣ್ಣು ಕೆಂಪಾಗಿದ್ದ ಶಾಂತವ್ವ ನಮ್ಮನ್ನು ನೋಡಿ ಕಿಸಕ್ಕೆಂದು ನಕ್ಕಳು. ಅಕ್ಷತೆಯ ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ನನ್ನ ರುಮಾಲೂ ಉಳಿಯಿತು!

ಕೊಸರು ಹಾಕಿದ್ದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಪ್ರೀತಿಯಿಂದ ಕೊಟ್ಟಿದ್ದನ್ನು ಇಟ್ಟುಕೊಳ್ಳುವ ಯೋಗ್ಯತೆ ಆ ಮೋಟಾರಿಗಿರಲಿಲ್ಲ, ಅಷ್ಟೇ.

ಮುಂದೆ ಔರಾದಿನ ವ್ಯಾಪಾರಿಯೊಬ್ಬರು ಅದನ್ನು ಕೊಳ್ಳಲು ಬಂದರು. ಮಾತು ಮುಗಿದ ಮೇಲೆ, "ಸೇಠ್, ಮ್ಯಾಲ ಕೊಸರು ಏನ್ ಕೊಡ್ತೀರಿ?" ಎಂದು ಕೇಳಿದರು.

"ನಮ್ಮ ಯಜಮಾನ್ರನ್ನ ಒಯ್ರಿ!" ಎಂದಳು ಕಮಲವ್ವ ಒಳಗಿನಿಂದ.

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಬ್ಯಾಡ್ರಿ ಅಕ್ಕಾರ, ಬರೀ ಮೋಟಾರ ಸಾಕು" ಎಂದರು.