ಮಾತು ಬಿಟ್ಟವರ ಹಲಗೆ

ಮಾತು ಬಿಟ್ಟವರ ಜೊತೆ ಒಂದೇ ಮನೆಯಲ್ಲಿ ಇರಬಹುದು, ಒಂದೇ ಪಾತ್ರೆಯ ಸಾರು ಉಣ್ಣಬಹುದು, ಒಂದೇ ಹಲಗೆಯ ಮೇಲೆ ಮಾತ್ರ ಕೂಡಬಾರದು. ಶಾಲೆಯ ಮೆಟ್ಟಿಲು ನಾನು ಹೆಚ್ಚು ತುಳಿದವಳಲ್ಲ. ಅಕ್ಷರ ಕೂಡಿಸಿ ಓದಲು ಬಂದ ಕೂಡಲೇ ಅಪ್ಪ ಎಮ್ಮೆಯ ಹಗ್ಗ ಕೈಗೆ ಕೊಟ್ಟ. ಹಾಗಾಗಿ ಈ ವಿದ್ಯೆ ನನಗೆ ಹತ್ತಿದ್ದು ಮುದುಕಿಯಾದ ಮೇಲೆ, ಅದೂ ಕೆಳಗೆ ಕೂತು.

ನನ್ನ ನೆಗೆಣ್ಣಿ ಶಾಂತಾ, ಅಂದರೆ ಮೈದುನನ ಹೆಂಡತಿ, ಕೊಲ್ಹಾಪುರದ ಕಡೆಯವಳು. ಗಡಿಯೂರಾದ ಭೋಜದ ನಮ್ಮ ಮನೆಗೆ ಸೊಸೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡರೂ ಅರ್ಧ ಮಾತು ಮರಾಠಿಯದೇ. ದೀಪಾವಳಿಗೆ ಬಂದ ಬೀಗರ ಮುಂದೆ, "ನಮ್ಮ ಅಕ್ಕಾ ಭಾಳ ಜಡ" ಅಂದುಬಿಟ್ಟಳು. ಮರಾಠಿಯಲ್ಲಿ ಜಡ ಎಂದರೆ ಭಾರ. ಕನ್ನಡದಲ್ಲಿ ಜಡ ಎಂದರೆ ತಲೆ ಓಡದವಳು. ನಮ್ಮೂರಲ್ಲಿ ಎರಡೂ ಭಾಷೆ ನಡೆಯುತ್ತವೆ. ಬೀಗರು ಎರಡಕ್ಕೂ ನಕ್ಕರು. ಯಾವುದರಲ್ಲಿ ಹಿಡಿದರೂ ನನಗೆ ಲಾಭ ಕಾಣಲಿಲ್ಲ. ಅಂದೇ ಮಾತು ಬಿಟ್ಟೆ. ಮೊದಲು ಬಾಯಿ ತೆರೆದವರು ಸೋತಂತೆ ಎಂಬುದು ಇಬ್ಬರಿಗೂ ಹೇಳದೆಯೇ ಗೊತ್ತಿತ್ತು. ಏನು ಕೇಳಬೇಕಾದರೂ ನನ್ನ ಸೊಸೆ ಸುನಂದಾ ನಡುವೆ ಬೇಕು. ಜಡದ ಅರ್ಥವನ್ನೂ ಅವಳ ಮೂಲಕವೇ ಕೇಳಿಸಿದೆ. ಶಾಂತಾ ನನಗೆ ಕೇಳುವಂತೆಯೇ, "ಸುನಂದಾ, ನಿಮ್ಮ ಅತ್ತೀಗೆ ಯಾವುದು ಹೊಂದತೈತಿ ಅದನ್ನ ಇಟ್ಕೋ ಅಂತ ಹೇಳು" ಅಂದಳು.

ಅಂಗಳದ ಬೇವಿನ ಕೆಳಗೆ ಎರಡು ಕಲ್ಲಿನ ಮೇಲೆ ಒಂದು ಉದ್ದ ಹಲಗೆ. ಮನೆಯೊಳಗೆ ತಗಡಿನ ಕಾವು. ಮಧ್ಯಾಹ್ನ ತಂಪು ಅಂತ ಇರುವುದು ಅಲ್ಲಿ ಮಾತ್ರ. ಅದನ್ನು ಬಿಟ್ಟುಕೊಡುವ ಪೈಕಿ ನಾವಿಬ್ಬರೂ ಅಲ್ಲ. ಅವಳು ಆ ತುದಿ, ನಾನು ಈ ತುದಿ, ಇಬ್ಬರ ಉಡಿಯಲ್ಲೂ ಸುಲಿಯುವ ಶೇಂಗಾ. ಕಬ್ಬಿನ ಹಂಗಾಮು ಬಂತು. ನನ್ನ ಮಗ ಬಾಳು ಟ್ರೇಲರಿನ ಗಾಲಿಗೆ ಅಡ್ಡ ಇಡಲು ಒಂದು ಕಲ್ಲು ಒಯ್ದ. ಉಳಿದದ್ದನ್ನು ಹಲಗೆಯ ನಟ್ಟನಡುವೆ ನೂಕಿ, "ಈಗೂ ಕುಂಡ್ರಾಕ ಬರತೈತಿ" ಎಂದು ಹೋದ.

ಕೂತೆವು. ನನ್ನ ತುದಿ ನೆಲ ಕಚ್ಚಿತು. ಶಾಂತಾ ಕಡ್ಡಿಯಂಥವಳು, ಗಾಳಿಯಲ್ಲಿ ಕಾಲಾಡಿಸುತ್ತ ಮೇಲಿನಿಂದ ನನ್ನನ್ನು ನೋಡಿದಳು. ಮರಾಠಿಯ ಅರ್ಥವನ್ನು ಹಲಗೆಯೇ ಹೇಳಿತ್ತು.

"ಅತ್ತಿ, ಕಲ್ಲಿನ ಕಡೆ ಸರೀರಿ, ಸಮ ಆಗತೈತಿ" ಅಂದಳು ಸುನಂದಾ.

"ಸರಿದರ ನಾನಾಗೇ ಅಕಿ ಕಡೆ ಹೋದಂಗ ಆಗತೈತಿ."

"ಹಂಗಾರ ಕೆಳಗ ಕುಂಡ್ರರಿ."

ಕೆಳಗೆ ಎಷ್ಟು ಹೊತ್ತು ಕೂಡುವುದು? ಬಿಸಿಲು ಬೀಳುತ್ತಿದೆ ಎಂಬ ನೆಪ ಮಾಡಿ ಹಲಗೆಯ ಮೇಲೆ ಗೇಣು ಗೇಣು ಸರಿದೆ. ಕಲ್ಲು ಹತ್ತಿರವಾದಷ್ಟೂ ನನ್ನ ಭಾರ ಕರಗಿದಂತೆ ಹಲಗೆ ಮೇಲೆದ್ದಿತು. ಮೈ ಅದೇ, ಉಂಡ ರೊಟ್ಟಿ ಅವೇ. ಆಗ ಕೈಪಂಪು ನೆನಪಾಯಿತು. ಶಾಂತಾ ಹೊಸ ಸೊಸೆಯಾಗಿ ಬಂದಾಗ ಅದರ ಹಿಡಿಕೆಯನ್ನು ನಡುವೆ ಹಿಡಿದು ಜೋತು ಬೀಳುತ್ತಿದ್ದಳು, ನೀರು ಬರುತ್ತಿರಲಿಲ್ಲ. "ತುದಿ ಹಿಡಿ ಬೇ" ಎಂದು ಕಲಿಸಿದವಳು ನಾನು. ದೂರದಲ್ಲಿದ್ದರೆ ಕಡ್ಡಿಗೂ ಕಸುವು. ನಮ್ಮ ಬಳಗದಲ್ಲೂ ಅಷ್ಟೆ; ದಿನಾ ಕಣ್ಣೆದುರು ದುಡಿಯುವ ಸೊಸೆಗಿಂತ ವರ್ಷಕ್ಕೊಮ್ಮೆ ಅಥಣಿಯಿಂದ ಬರುವ ನಾದಿನಿಯ ಮಾತಿಗೇ ತೂಕ.

ಹಲಗೆ ಸಮವಾಯಿತು. ನಾನು ಕಲ್ಲಿನ ಮಗ್ಗುಲಲ್ಲಿ, ಅವಳು ತುದಿಯಲ್ಲಿ. ಹಾಗೇ ಕೆಲವು ದಿನ ನಡೆಯಿತು. ನಾನು ಕಂಡುಹಿಡಿದ ಸಮತೂಕ ಎಂದು ಒಳಗೊಳಗೇ ಹಿಗ್ಗಿದ್ದೆ. ಒಂದು ದಿನ ಸುನಂದಾ ತವರಿಗೆ ಹೋಗಿದ್ದಳು, ಎಮ್ಮೆ ಹಗ್ಗ ಬಿಚ್ಚಿಕೊಂಡು ಮೇವಿನ ಬಣವೆಗೆ ಬಾಯಿ ಹಾಕಿತು. ಏಳಬೇಕು. ಎದ್ದರೆ ಶಾಂತಾಳ ತುದಿ ದಪ್ಪನೆ ಕೆಳಗೆ. ಅವಳ ಮೊಣಕಾಲು ಮೊದಲೇ ಸರಿಯಿಲ್ಲ. ಬೀಳಲಿ ಎಂಬ ಆಸೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಚೆನ್ನಾಗಿಯೇ ಬಂತು. ಆದರೆ ಕಾಲು ಮುರಿದರೆ ಅವಳ ಪಾಲಿನ ರೊಟ್ಟಿ ಬಡಿಯುವವರು ಯಾರು, ನಾನೇ. ಎಮ್ಮೆ ಅತ್ತ ಬಣವೆ ಎಳೆಯುತ್ತಿತ್ತು. ಹಲ್ಲು ಕಚ್ಚಿ ಬಾಯಿ ಬಿಟ್ಟೆ.

"ನಾ ಏಳಾಕತ್ತೀನಿ. ಸಂಭಾಳಸ್ಕೋ."

ಶಾಂತಾ ಶೇಂಗಾದಿಂದ ಕಣ್ಣೆತ್ತಲಿಲ್ಲ. "ಏಳಕ್ಕಾ. ನಾ ಏನ್ ಹಲಗಿ ನಂಬಿ ಕುಂತೀನೇನ? ಮೊದಲನೇ ದಿನ ಬಿಟ್ರ ದಿನಾ ಎರಡೂ ಕಾಲು ನೆಲಕ್ಕ ಊರೇ ಕುಂತೀನಿ."

ಬಗ್ಗಿ ನೋಡಿದೆ. ಸೀರೆಯ ಅಂಚಿನ ಕೆಳಗೆ ಎರಡೂ ಹಿಮ್ಮಡಿ ಮಣ್ಣಿನಲ್ಲಿ ನಾಟಿದ್ದವು, ಕುಳಿ ಬೀಳುವಷ್ಟು. ಎಮ್ಮೆ ಕಟ್ಟಿ ಬಂದೆ. ಹಲಗೆಯ ಅವಳ ತುದಿ ಮೆಲ್ಲಗೆ ನೆಲಕ್ಕಿಳಿದಿತ್ತು, ಅವಳು ಮಾತ್ರ ಬಿದ್ದಿರಲಿಲ್ಲ. ಇಡೀ ಅಂಗಳದಲ್ಲಿ ಅಂದು ಕೆಳಗೆ ಬಿದ್ದವಳು ನಾನೊಬ್ಬಳೇ. ಆಡಿದ ಮಾತು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ, ಮತ್ತೆ ಮಾತು ಬಿಡಲು ಹೊಸ ಕಾರಣ ಬೇಕು. ಸಿಗುವ ತನಕ ಸುಮ್ಮನೆ ಯಾಕೆ ಕೂಡುವುದು ಎಂದು, ಸುನಂದಾಳ ತವರಿನವರ ಬಗ್ಗೆ ಇಬ್ಬರೂ ಸಂಜೆಯ ತನಕ ಮಾತಾಡಿದೆವು.