ಡಾಕ್ಟರು ಕೊಡಲಿ ಹಿಡಿದದ್ದು

ಹೆಂಡತಿ: ಕೊನೇ ಸಲ ಹೇಳ್ತಿದೀನಿ. ಕಸುಬು ಅನ್ನೋ ಕಡೆ ವೈದ್ಯ ಅಂತ ಬರೀರಿ.

ಡಾಕ್ಟರು: ಬರೆಯಲ್ಲ. ನಾನು ಯೋಧ. ಕೊಡಲಿ ಬೇಕು, ದೊಡ್ಡದು.

ಭಾನುವಾರ ಮಧ್ಯಾಹ್ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ರಜೆ. ರೋಗಿಗಳು ಕಾಯುವ ಕೋಣೆಯ ಮೇಜಿನ ಮೇಲೆ ದಾಳ, ಪೆನ್ಸಿಲ್ಲು, ಗುಹೆಯ ನಕ್ಷೆ ಹರವಿದ್ದರು. ಇದು ಕಥೆ ಕಟ್ಟುತ್ತ ಆಡುವ ಆಟ. ಒಬ್ಬೊಬ್ಬರು ಒಂದೊಂದು ಕಸುಬು ಆರಿಸಿಕೊಂಡು ಸಾಹಸಕ್ಕೆ ಹೊರಡಬೇಕು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಕಥೆ ನಡೆಸುವವಳು, ಡ್ರ್ಯಾಗನ್ ಆಗುವವಳು, ಎರಡೂ ಡಾಕ್ಟರ ಹೆಂಡತಿಯೇ. ಹೈಸ್ಕೂಲಿನ ಲೆಕ್ಕದ ಟೀಚರು, ಕಾನೂನಿನಲ್ಲಿ ಕಟ್ಟುನಿಟ್ಟು. ಮೇಜಿನ ಮುಂದೆ ಕೂತವರು ಏನು ಮಾಡಿದರೂ ಅದು ಪಾತ್ರ ಮಾಡಿದ ಹಾಗೇ ಲೆಕ್ಕ, ವಾಪಸ್ಸು ತೆಗೆದುಕೊಳ್ಳುವಂತಿಲ್ಲ.

ಡಾಕ್ಟರಿಗೆ ಇವತ್ತೇ ಮೊದಲ ಆಟ. ಅವರ ತಂಗಿಯದು ಪಳಗಿದ ಕೈ: ಕೆಲಸದಲ್ಲಿ ಪೊಲೀಸು, ಆಟದಲ್ಲಿ ಎರಡು ವರ್ಷದಿಂದ ಕಳ್ಳಿ. ಆ ಕಳ್ಳಿ ಈಗ ಡ್ರ್ಯಾಗನ್ನಿನ ಬಾಯೊಳಗಿದ್ದಳು. ಮೂರು ಸುತ್ತಿನಲ್ಲಿ ಬಿಡಿಸದಿದ್ದರೆ ಅವಳು ಸತ್ತಂತೆ, ಅವಳ ಪಾತ್ರ ಬರೆದ ಹಾಳೆ ಹರಿದು ಕಸದ ಬುಟ್ಟಿಗೆ.

ತಂಗಿ: ಅಣ್ಣಾ, ನನ್ನ ಪ್ರಾಣ ಹೋಗ್ತಿದೆ. ವೈದ್ಯ ಆದ್ರೆ ನಿನ್ನ ಗಂಟೇನು ಹೋಗತ್ತೆ?

ಡಾಕ್ಟರು: ನೀನು ದಿನಾ ಕಳ್ಳರನ್ನ ಹಿಡಿದು, ಇಲ್ಲಿ ಬಂದು ಕಳ್ಳಿ ಆಗಬಹುದು. ನಾನು ದಿನಾ ‘ನೋಯಲ್ಲ, ನೋಯಲ್ಲ’ ಅಂತೀನಿ. ಒಂದಿನ ನೋಯ್ಸೋಕೆ ಬಿಡ್ರಮ್ಮ.

ತಂಗಿ: ದಿನಾ ನೋಯ್ಸೋದು ಸಾಲ್ದಾ?

ಹೆಂಡತಿ ಸಾಕಪ್ಪಾ ಸಾಕು ಎಂದು ತಾನೇ ‘ಯೋಧ’ ಎಂದು ಗೀಚಿದಳು. ಇಪ್ಪತ್ತೆರಡು ವರ್ಷ ಹಲ್ಲು ನೋಡುವ ಬೆರಳುದ್ದದ ಕನ್ನಡಿ ಹಿಡಿದ ಮನುಷ್ಯ. ಕೊಡಲಿ ಎಂಬ ಮಾತಿಗೇ ಡಾಕ್ಟರು ಉಬ್ಬಿಹೋದರು. ದಾಳ ಎಸೆದರು. ಒಂದು ಬಿತ್ತು. ಕೊಡಲಿ ಕೈಜಾರಿ ಹೊಂಡಕ್ಕೆ ಬಿತ್ತೆಂದು ಹೆಂಡತಿ ದಯೆದಾಕ್ಷಿಣ್ಯವಿಲ್ಲದೆ ಸಾರಿದಳು. ಎರಡನೇ ಸುತ್ತಿಗೆ ಮುಷ್ಟಿ ಬಿಗಿದು ನುಗ್ಗಿದರು. ಅದು ಬಂಡೆಗೆ ತಗುಲಿತು. ತಂಗಿ ಕಿಸಕ್ಕನೆ ನಕ್ಕಳಾದರೂ ಅವಳ ಕೈ ತನ್ನ ಹಾಳೆಯ ಮೇಲಿತ್ತು. ಅಂಚು ಸವೆದು ನಾಲ್ಕು ಕಡೆ ಟೇಪು ಹಚ್ಚಿದ ಹಾಳೆ. ಅದನ್ನು ನೋಡಿ ಡಾಕ್ಟರು ಬಿಗಿದ ಮುಷ್ಟಿ ಸಡಿಲಿಸಿದರು.

ಹೆಂಡತಿ: ಕೊನೇ ಸುತ್ತು. ಡ್ರ್ಯಾಗನ್ ಕಳ್ಳೀನ ಎಡಗಡೆ ದವಡೆಗೆ ತಳ್ಳಿ ಅಗಿಯೋಕೆ ಹೊರಡತ್ತೆ.

ಡಾಕ್ಟರು: ತಡಿ. ಎಡಗಡೆಗೇ ಯಾಕೆ?

ಹೆಂಡತಿ: ಸುಮ್ನೆ ಹೇಳಿದೆ.

ಡಾಕ್ಟರು: ಸುಮ್ಸುಮ್ನೆ ಯಾರೂ ಒಂದೇ ಕಡೆ ಅಗಿಯಲ್ಲ. ಬಲಗಡೆ ಹುಳುಕಿದೆ. ಪಾಪ, ಅದಕ್ಕೇ ಈ ಸಿಟ್ಟು. ಎಲ್ಲಿ, ದೊಡ್ಡದಾಗಿ ಬಾಯಿ ತೆಗಿ. ಆ ಅನ್ನು.

ಮದುವೆಯಾದಾಗಿನಿಂದ ಆ ದನಿ ಕೇಳಿದ ಕೂಡಲೇ ಬಾಯಿ ತೆಗೆದು ಹೆಂಡತಿಗೆ ಅಭ್ಯಾಸವಾಗಿತ್ತು. ಬಲಗಡೆಯ ಕೊನೇ ದವಡೆಹಲ್ಲೂ ಕಾಣುವಷ್ಟು ಅಗಲವಾಗಿ ತೆಗೆದಳು.

ತಂಗಿ: ಡ್ರ್ಯಾಗನ್ ಬಾಯಿ ತೆಗೀತು! ನಾನು ಹೊರಗೆ ಹಾರಿದೆ.

ಹೆಂಡತಿ ಬಾಯಿ ಮುಚ್ಚಿದಳು, ಆದರೆ ಕಾನೂನು ಅವಳದೇ. ರಬ್ಬರು ಹುಡುಕಿ ಗಂಡನ ಹಾಳೆಯಲ್ಲಿ ‘ಯೋಧ’ ಎಂದಿದ್ದನ್ನು ಉಜ್ಜಿ ‘ವೈದ್ಯ’ ಎಂದು ಬರೆಯಲು ಹೋದಳು. ಡಾಕ್ಟರು ಹಾಳೆಗೆ ಅಂಗೈ ಅಡ್ಡ ಹಿಡಿದು, ಹಲ್ಲು ತುಂಬಿಸಿಕೊಂಡ ರೋಗಿಗೆ ಹೇಳುವ ದನಿಯಲ್ಲೇ ಹೇಳಿದರು.

ಡಾಕ್ಟರು: ಅದು ಹಾಗೇ ಇರಲಿ. ನೀನು ಮಾತ್ರ ಇನ್ನೆರಡು ಗಂಟೆ ಯಾರನ್ನೂ ತಿನ್ನಬೇಡ.